ಎಲೆಕ್ಟ್ರೊಸ್ಟ್ಯಾಟಿಕ್ ಹೆಡ್‌ಫೋನಿನ ಇಯರ್‌ಪ್ಯಾಡ್: ಕೊಡಗಿನ ಥಂಡಿಯಲ್ಲಿ ಅದನ್ನು ಕೂರಿಸುವುದು, ಬದಲಿಸುವುದು

ಮಳೆ ಹಿಡಿದು ತಿಂಗಳು ಕಳೆಯಿತೆಂದರೆ ಕೊಡಗಿನಲ್ಲಿ ಎಲೆಕ್ಟ್ರೊಸ್ಟ್ಯಾಟಿಕ್ ಹೆಡ್‌ಫೋನ್ ಇಟ್ಟುಕೊಂಡಿರುವ ಸ್ನೇಹಿತರಿಂದ ಒಂದೇ ಬಗೆಯ ದೂರು ಬರಲು ಶುರುವಾಗುತ್ತದೆ. ಬೇಸ್, ಅಂದರೆ ಕೆಳಗಿನ ಸ್ವರಗಳ ಗುಮ್ಮು, ಹೋಗಿದೆ, ಹಾಡು ತೆಳ್ಳಗಾಗಿದೆ, ಎಡ ಬಲ ಸಮ ಇಲ್ಲ. ಲಕ್ಷಗಟ್ಟಲೆ ಕೊಟ್ಟು ತಂದ ಸ್ಟ್ಯಾಕ್ಸ್ ಕಂಪನಿಯದ್ದಾಗಿದ್ದರಂತೂ ಸದ್ದು ಹೊರಡಿಸುವ ಭಾಗವಾದ ಡ್ರೈವರೇ ಸುಟ್ಟಿತೆಂಬ ಭಯ ಮೊದಲು ಬರುತ್ತದೆ, ಬೆಂಗಳೂರಿಗೆ ಪಾರ್ಸೆಲ್ ಮಾಡುವ ಮಾತು ಆಮೇಲೆ. ಪಾರ್ಸೆಲ್ ಕಟ್ಟುವ ಮೊದಲು ಕಿವಿಗೆ ತಾಗುವ ಆ ಮೆತ್ತನೆಯ ಪ್ಯಾಡನ್ನು ಬೆಳಕಿಗೆ ಹಿಡಿದು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ಹವೆಯಲ್ಲಿ ಮೊದಲು ಸೋಲುವುದು ಅದು. ಕೈಯಲ್ಲಿ ತಾಳ್ಮೆ ಇದ್ದರೆ ಮನೆಯಲ್ಲೇ ಸರಿಮಾಡಿಕೊಳ್ಳಬಹುದಾದ ಭಾಗವೂ ಅದೇ.

ಪ್ಯಾಡ್ ಯಾಕೆ ಇಷ್ಟು ಮುಖ್ಯ ಎಂದು ತಿಳಿಯಬೇಕಾದರೆ ಒಳಗೆ ಏನಿದೆ ಎಂದು ನೋಡಬೇಕು. ಮಾಮೂಲಿ ಹೆಡ್‌ಫೋನಿನಲ್ಲಿ ಅಯಸ್ಕಾಂತ, ತಂತಿಸುರುಳಿ, ಅದಕ್ಕೆ ಅಂಟಿದ ಕೋನ್ ಇರುತ್ತವೆ. ಎಲೆಕ್ಟ್ರೊಸ್ಟ್ಯಾಟಿಕ್‌ನಲ್ಲಿ ಇವು ಯಾವುವೂ ಇಲ್ಲ. ತೂತುಗಳಿರುವ ಎರಡು ತಟ್ಟೆಗಳ ನಡುವೆ ಪ್ಲಾಸ್ಟಿಕ್ಕಿನ ಒಂದು ಪೊರೆ ಬಿಗಿದಿರುತ್ತದೆ. ಅದರ ದಪ್ಪ ಸುಮಾರು 1ರಿಂದ 2 ಮೈಕ್ರಾನ್. ನಮ್ಮ ತಲೆಗೂದಲೇ 50ರಿಂದ 100 ಮೈಕ್ರಾನ್ ಇರುತ್ತದೆ ಎಂದರೆ ಆ ಪೊರೆ ಎಷ್ಟು ತೆಳು ಎಂದು ಊಹಿಸಿಕೊಳ್ಳಿ. ಪೊರೆಯಿಂದ ಒಂದೊಂದು ತಟ್ಟೆಗೂ ಇರುವ ಅಂತರ ಅರ್ಧ ಮಿಲಿಮೀಟರಿನ ಆಸುಪಾಸು. ಪೊರೆಗೆ ಬಳಿದಿರುವ ಲೇಪದ ಮೇಲೆ ಆಂಪ್ಲಿಫಯರ್ ಸದಾ ಒಂದು ಸ್ಥಿರ ವೋಲ್ಟೇಜನ್ನು ಹಿಡಿದಿಟ್ಟಿರುತ್ತದೆ. ಬಯಾಸ್ ಎನ್ನುವುದು ಇದನ್ನೇ. ಸ್ಟ್ಯಾಕ್ಸ್‌ನ ಈಗಿನ ಮಾದರಿಗಳಲ್ಲಿ ಅದು 580 ವೋಲ್ಟ್, ಹಳೆಯ, ಆರು ಪಿನ್ನಿನ ಪ್ಲಗ್ಗಿನವುಗಳಲ್ಲಿ 230 ವೋಲ್ಟ್. ಹಾಡಿನ ಸಿಗ್ನಲ್ ತಟ್ಟೆಗಳಿಗೆ ಹೋಗುತ್ತದೆ; ಒಂದು ತಟ್ಟೆ ಪೊರೆಯನ್ನು ಎಳೆದರೆ ಇನ್ನೊಂದು ತಳ್ಳುತ್ತದೆ, ಪೊರೆ ಇಡಿಯಾಗಿ ಅಲುಗುತ್ತದೆ. ಜಪಾನಿನ ಸ್ಟ್ಯಾಕ್ಸ್ ಕಂಪನಿ 1960ರಲ್ಲಿ ತಂದ ಎಸ್‌ಆರ್-1ರಿಂದ ಇವತ್ತಿನವರೆಗೂ ಮೂಲ ತತ್ವ ಇಷ್ಟೇ.

ಈ ಪೊರೆ ಮುಂದಕ್ಕೆ ಸರಿದಾಗ ಕಿವಿಯ ಕಡೆ ಗಾಳಿಯ ಒತ್ತಡ ಏರುತ್ತದೆ, ಅದೇ ಕ್ಷಣ ಹಿಂಭಾಗದಲ್ಲಿ ಇಳಿಯುತ್ತದೆ. ಇವುಗಳ ಬೆನ್ನು ಸಾಮಾನ್ಯವಾಗಿ ಪೂರಾ ತೆರೆದಿರುತ್ತದೆ. ಮುಂದಿನ ಗಾಳಿಗೆ ಹಿಂದಿನ ಗಾಳಿಯನ್ನು ಸೇರುವ ದಾರಿ ಸಿಕ್ಕಿದರೆ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಹೆಚ್ಚಿನ ಕಂಪನಾಂಕದ ಸ್ವರಗಳಿಗೆ ಇದರಿಂದ ಅಷ್ಟೇನೂ ಆಗುವುದಿಲ್ಲ, ಗಾಳಿ ಸುತ್ತಿ ಬರುವಷ್ಟರಲ್ಲಿ ಅವು ಕಿವಿ ಮುಟ್ಟಿರುತ್ತವೆ. ಪೆಟ್ಟು ಬೀಳುವುದು ಕೆಳಗಿನ ಸ್ವರಗಳಿಗೆ: ಮೃದಂಗದ ಎಡಭಾಗ, ಚೆಂಡೆಯ ಜೊತೆಗಿನ ಮದ್ದಳೆಯ ಗುಮಕು, ಡಬಲ್ ಬೇಸಿನ ತಂತಿ. ಕುಕ್ಕರಿನ ಗ್ಯಾಸ್ಕೆಟ್ ಅನ್ನ ಬೇಯಿಸುವುದಿಲ್ಲ ನಿಜ, ಅದು ಬಿರುಕು ಬಿಟ್ಟರೆ ಮಾತ್ರ ವಿಷಲ್ ಬರುವುದಿಲ್ಲ. ಇಯರ್‌ಪ್ಯಾಡಿನ ಕೆಲಸವೂ ಅದೇ. ಪೊರೆ ಮತ್ತು ಕಿವಿತಮಟೆಯ ನಡುವಿನ ಆ ಚಿಕ್ಕ ಕೋಣೆಯನ್ನು ಅದು ಮುಚ್ಚಿಡಬೇಕು. ಮುಚ್ಚಿದ್ದರೆ ಎಲೆಕ್ಟ್ರೊಸ್ಟ್ಯಾಟಿಕ್‌ನ ಬೇಸ್ ಬಹಳ ಕೆಳಗಿನವರೆಗೂ ಸಮನಾಗಿ ಇಳಿಯುತ್ತದೆ. ಬೆರಳು ತೂರುವಷ್ಟೂ ಬೇಡ, ಕನ್ನಡಕದ ಕಡ್ಡಿಯ ಪಕ್ಕ ಉಳಿಯುವ ಸಂದು ಸಾಕು, ಅದು ಸೋರಿಹೋಗಲು.

ಮುಚ್ಚುವುದರ ಜೊತೆಗೆ ಪ್ಯಾಡಿಗೆ ಇನ್ನೂ ಎರಡು ಜವಾಬ್ದಾರಿಗಳಿವೆ. ಕಿವಿ ಪೊರೆಯಿಂದ ಎಷ್ಟು ದೂರ ಇರಬೇಕು, ಯಾವ ಓರೆಯಲ್ಲಿ ಇರಬೇಕು ಎಂದು ನಿರ್ಧರಿಸುವುದು ಅದರ ಎತ್ತರ. ಸ್ಟ್ಯಾಕ್ಸ್‌ನ ಆಯತಾಕಾರದ ಲ್ಯಾಂಬ್ಡಾ ಸಾಲಿನಲ್ಲಿ, ಅಂದರೆ ಎಸ್‌ಆರ್-ಎಲ್300, ಎಲ್500, ಎಲ್700ಗಳಲ್ಲಿ, ಪ್ಯಾಡಿನ ಹಿಂಬದಿ ಮುಂಬದಿಗಿಂತ ದಪ್ಪ. ದುಂಡಗಿನ ಎಸ್‌ಆರ್-007ರಲ್ಲೂ ಸುತ್ತ ಒಂದೇ ದಪ್ಪ ಇಲ್ಲ. ಫೋಮ್ ಕುಸಿದರೆ ಕಿವಿ ಡ್ರೈವರಿಗೆ ಹತ್ತಿರವಾಗುತ್ತದೆ, ಓರೆ ಕೆಡುತ್ತದೆ, ಗಾಯಕಿ ಎದುರಿಗೆ ಕೂತಂತೆ ಕೇಳುತ್ತಿದ್ದುದು ಹಣೆಯೊಳಗೆ ಕೂತಂತಾಗುತ್ತದೆ. ಹೆಡ್‌ಫೋನ್ ಹಳತಾಯಿತು ಎಂದು ಜನ ಹೇಳುವುದು ಎಷ್ಟೋ ಸಲ ಈ ಕುಸಿತವನ್ನೇ.

ಈಗ ನಮ್ಮ ಊರಿನ ವಿಷಯ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಮಳೆ ಬರೆದಿಡುವ ನಮ್ಮ ತೋಟದವರ ಮಾತಿನಲ್ಲಿ ಹೇಳುವುದಾದರೆ 120 ಇಂಚಿನ ಮೇಲೆ. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಗೋಡೆಯೇ ಬೆವರುವುದು ಗೊತ್ತು. ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ, ಅಲ್ಲಿನವರ ಪ್ಯಾಡುಗಳು ಅಷ್ಟು ಬೇಗ ಕೆಡುವುದೂ ಇಲ್ಲ. ಕಡಿಮೆ ಬೆಲೆಯ ಮಾದರಿಗಳ ಪ್ಯಾಡು ಕೃತಕ ಚರ್ಮದ್ದು, ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ. ಗಾಳಿಯ ನೀರಾವಿ ಆ ಪಾಲಿಯುರೆಥೇನಿನ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತಾ ಹೋಗುತ್ತದೆ. ಮೊದಲು ಅಂಟಂಟು, ಆಮೇಲೆ ಬಿರುಕು, ಕೊನೆಗೆ ಕಪ್ಪು ಹಕ್ಕಳೆ ಹಕ್ಕಳೆಯಾಗಿ ಕೆನ್ನೆಗೆ ಮೆತ್ತಿಕೊಳ್ಳುತ್ತದೆ. ಉಪಯೋಗಿಸದೆ ಪೆಟ್ಟಿಗೆಯಲ್ಲಿ ಇಟ್ಟರೂ ಇದು ನಿಲ್ಲುವುದಿಲ್ಲ. ದುಬಾರಿ ಮಾದರಿಗಳಲ್ಲಿ ಬರುವ ಕುರಿಚರ್ಮಕ್ಕೆ ಈ ಕಾಯಿಲೆ ಇಲ್ಲ, ಅದಕ್ಕೆ ಬರುವುದು ಬೂಷ್ಟು. ಒಳಗಿನ ಫೋಮೂ ತೇವಕ್ಕೆ ಪುಡಿಯಾಗುತ್ತದೆ. ಪ್ಯಾಡನ್ನು ಚೌಕಟ್ಟಿಗೆ ಹಿಡಿದಿರುವ ಎರಡು ಮುಖದ ಟೇಪೂ ಒಂದು ಮೂಲೆಯಿಂದ ಬಿಟ್ಟುಕೊಳ್ಳುತ್ತದೆ. ಅದಕ್ಕೆ ನಾವು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೂ ಸೇರಿಸಿಕೊಳ್ಳಿ. ಹೊಲಿಗೆಯ ತೂತುಗಳಲ್ಲಿ ಎಣ್ಣೆ ಇಳಿದರೆ ಫೋಮ್ ಮತ್ತೆ ಮೇಲೇಳುವುದಿಲ್ಲ.

ತಪ್ಪು ಪ್ಯಾಡಿನದೋ, ಬೇರೆಯದೋ

ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ವಿದ್ಯೆ ಇದು. ಥಂಡಿಯಿಂದ ಎಲೆಕ್ಟ್ರೊಸ್ಟ್ಯಾಟಿಕ್‌ಗೆ ಎರಡು ಬೇರೆ ಬೇರೆ ತೊಂದರೆ ಬರುತ್ತವೆ, ಕೇಳುವುದಕ್ಕೆ ಎರಡೂ 'ಒಂದು ಕಡೆ ಕಡಿಮೆ' ಎಂದೇ ಅನ್ನಿಸುತ್ತವೆ. ಒಂದು, ಪ್ಯಾಡ್ ಸೋರುವುದು. ಇನ್ನೊಂದು, ತೇವದಿಂದಾಗಿ ಪೊರೆಯ ಮೇಲಿನ ಚಾರ್ಜ್ ಸೋರುವುದು. ಪ್ಯಾಡ್ ಸೋರಿದರೆ ಬೇಸ್ ಮಾತ್ರ ಹೋಗುತ್ತದೆ. ಹಾಡುವವರ ದನಿ, ತಾಳದ ಕಿಣಿಕಿಣಿ ಎರಡೂ ಕಡೆ ಸಮವಾಗಿಯೇ ಇರುತ್ತವೆ. ಚಾರ್ಜ್ ಸೋರಿದರೆ ಆ ಕಡೆಯ ಇಡೀ ಸದ್ದೇ ಕುಗ್ಗುತ್ತದೆ, ಹಾಡು ಒಂದು ಪಕ್ಕಕ್ಕೆ ವಾಲುತ್ತದೆ. ಕೆಲವೊಮ್ಮೆ ಆನ್ ಮಾಡಿ ಕೆಲವು ನಿಮಿಷ ಬಿಟ್ಟರೆ ಸದ್ದು ಮೆಲ್ಲಗೆ ಏರಿಕೊಳ್ಳುವುದೂ ಉಂಟು, ಇಲ್ಲವೇ ಒಳಗಿಂದ ಸಣ್ಣ ಕೀರಲು ಕೇಳಿಸುತ್ತದೆ. ಚಾರ್ಜ್ ಸೋರುತ್ತಿದ್ದರೆ ಹೊಸ ಪ್ಯಾಡ್ ಹಾಕಿ ಪ್ರಯೋಜನವಿಲ್ಲ, ಹೆಡ್‌ಫೋನನ್ನು ಒಣಗಿಸಬೇಕು.

ಪರೀಕ್ಷೆಗೆ ಬೇಕಾದ್ದು ಒಂದು ಟೋನ್ ಜನರೇಟರ್ ಆ್ಯಪ್, ಅಂದರೆ ನಾವು ಹೇಳಿದ ಕಂಪನಾಂಕದ ಒಂದೇ ಸ್ವರವನ್ನು ಹೊರಡಿಸುವ ಆ್ಯಪ್. ಸದ್ದು ಕಡಿಮೆ ಇಟ್ಟು ಮೊದಲು 100 ಹರ್ಟ್ಸ್ (ಕಂಪನಾಂಕದ ಅಳತೆ), ಆಮೇಲೆ 60, 40, 30 ಹೀಗೆ ಇಳಿಸುತ್ತಾ ಬನ್ನಿ. ಕೆಳಕ್ಕೆ ಹೋದಂತೆ ಕಿವಿಗೇ ಸ್ವಲ್ಪ ಕಡಿಮೆ ಕೇಳಿಸುವುದು ಸಹಜ. 100ರಲ್ಲಿ ತುಂಬಿಕೊಂಡಿದ್ದ ಸದ್ದು 40ಕ್ಕೆ ಬರುವಷ್ಟರಲ್ಲಿ ಒಂದು ಕಡೆ ಮಾತ್ರ ಮಾಯವಾದರೆ ಆ ಕಡೆ ಸೋರಿಕೆ ಇದೆ. ಟೋನ್ ನಡೆಯುತ್ತಿರುವಾಗಲೇ ಪ್ಯಾಡಿನ ಅಂಚನ್ನು ಎರಡು ಬೆರಳಿನಿಂದ ಮೆಲ್ಲಗೆ ತಲೆಗೆ ಒತ್ತಿ. ಕಿವಿಯ ಹಿಂದೆ, ದವಡೆ ಮೂಳೆ ಮುಗಿಯುವಲ್ಲಿ ಒಂದು ಗುಳಿ ಇದೆಯಲ್ಲ, ಹೆಚ್ಚಿನವರಿಗೆ ಸೋರುವುದು ಅಲ್ಲೇ. ಅಲ್ಲಿ ಒತ್ತಿದ ಕೂಡಲೆ ಬೇಸ್ ಬಂತೆಂದರೆ ಡ್ರೈವರ್ ಕ್ಷೇಮವಾಗಿದೆ.

ಒತ್ತಿದರೂ ಬರಲಿಲ್ಲವಾದರೆ ಆಂಪ್ಲಿಫಯರಿಗೆ ಬರುವ ಎಡ, ಬಲ ಕೇಬಲುಗಳನ್ನು ಅದಲು ಬದಲು ಮಾಡಿ ನೋಡಿ. ತೊಂದರೆ ಇನ್ನೊಂದು ಕಿವಿಗೆ ಹಾರಿದರೆ ಅದು ಕೇಬಲಿನಲ್ಲೋ ಹಾಡು ಬರುವ ಯಂತ್ರದಲ್ಲೋ ಇದೆ. ಹೆಡ್‌ಫೋನನ್ನೇ ತಿರುಗಿಸಿ ಹಾಕಿಕೊಂಡು ನೋಡುವ ಪರೀಕ್ಷೆ ಇಲ್ಲಿ ನಂಬಿಕೆಗೆ ತಕ್ಕದ್ದಲ್ಲ. ಪ್ಯಾಡಿನ ದಪ್ಪ ಬದಿ ಆಗ ಕಿವಿಯ ಮುಂದಕ್ಕೆ ಬರುತ್ತದೆ, ಸರಿ ಇರುವ ಹೆಡ್‌ಫೋನೂ ಸೋರುತ್ತದೆ.

ಪೊಲಿಬೆಟ್ಟದ ಕಡೆಯ ಸ್ನೇಹಿತರೊಬ್ಬರು ಎಲ್700 ಹಿಡಿದುಕೊಂಡು ಬಂದು, "ಅಣ್ಣ, ಎಡಗಡೆ ಬೇಸೇ ಇಲ್ಲ, ಡ್ರೈವರ್ ಹೋಯ್ತು ಅನ್ಸುತ್ತೆ" ಎಂದಾಗ ನಾವು ಮಾಡಿದ್ದು ಈ ಬೆರಳಿನ ಪರೀಕ್ಷೆಯನ್ನೇ. ಹಿಂದಿನ ಕೆಳಮೂಲೆ ಒತ್ತಿದರೆ ಬೇಸ್ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಟಾರ್ಚ್ ಹಾಕಿ ನೋಡಿದಾಗ ಪ್ಯಾಡಿನ ಚರ್ಮ ಚೆನ್ನಾಗಿಯೇ ಇತ್ತು, ಅಡಿಯ ಟೇಪ್ ಮಾತ್ರ ಒಂದು ಉಗುರಿನಷ್ಟು ಎದ್ದಿತ್ತು. ಹೊಸ ಪ್ಯಾಡ್ ಕೂಡ ಬೇಕಾಗಲಿಲ್ಲ, ಟೇಪ್ ಬದಲಿಸಿದ್ದೇ ಸಾಕಾಯಿತು.

ಕೂರಿಸುವುದು

ಬದಲಿಸುವ ಮೊದಲು ಇರುವ ಪ್ಯಾಡನ್ನೇ ಸರಿಯಾಗಿ ಕೂರಿಸಿ ನೋಡಬೇಕು. ಹೆಡ್‌ಬ್ಯಾಂಡಿನಿಂದ ಶುರುಮಾಡಿ. ಪಟ್ಟಿ ಉದ್ದವಾಗಿದ್ದರೆ ಕಿವಿಯ ಮೇಲೆ ಕೂರುವ ಬಟ್ಟಲು, ಅಂದರೆ ಕಪ್ಪು, ಕೆಳಗೆ ಜೋತು ಮೇಲಂಚು ಬಿಟ್ಟುಕೊಳ್ಳುತ್ತದೆ, ಗಿಡ್ಡವಾಗಿದ್ದರೆ ಕೆಳಗಿನ ಗುಳಿ ತೆರೆಯುತ್ತದೆ. 40 ಹರ್ಟ್ಸ್ ಇಟ್ಟುಕೊಂಡು ಒಂದೊಂದೇ ಹಂತ ಸರಿಸಿ, ಎರಡೂ ಕಡೆ ಸದ್ದು ತುಂಬುವ ಜಾಗದಲ್ಲಿ ನಿಲ್ಲಿಸಿ. ಎರಡು ಪಕ್ಕದ ಹಂತ ಒಂದೇ ಆಗಿರಬೇಕೆಂದಿಲ್ಲ, ಯಾರ ತಲೆಯೂ ಎರಡು ಕಡೆ ಒಂದೇ ಅಲ್ಲ.

ಎಸ್‌ಆರ್-007 ಇರುವವರಿಗೆ ಇನ್ನೊಂದು ಅನುಕೂಲ ಇದೆ, ಅದರ ಪ್ಯಾಡನ್ನು ಇದ್ದಲ್ಲೇ ತಿರುಗಿಸಬಹುದು. ದಪ್ಪ ಭಾಗ ಕಿವಿಯ ಹಿಂದಕ್ಕೆ ಬರುವಂತೆ ಇಟ್ಟುಕೊಂಡು, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೆಳಕ್ಕೆ ತಿರುಗಿಸುತ್ತಾ ಹೋದರೆ ಒಂದು ಕಡೆ ದವಡೆಯ ಗುಳಿ ತುಂಬಿಕೊಳ್ಳುತ್ತದೆ. ಗಡಿಯಾರದ ಮುಳ್ಳಿನ ಎರಡು ಮೂರು ನಿಮಿಷದಷ್ಟು ತಿರುವಿಗೇ ಬೇಸ್ ಬದಲಾಗುವುದನ್ನು ಕಿವಿಯಾರೆ ಕೇಳಬಹುದು. ಸರಿಯಾದ ಜಾಗ ಸಿಕ್ಕಿದ ಮೇಲೆ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕಿಡಿ. ಆ ಪ್ಯಾಡಿನೊಳಗೆ ಚರ್ಮವನ್ನು ಎತ್ತಿ ಹಿಡಿಯಲು ಒಂದು ಸ್ಪ್ರಿಂಗ್ ತಂತಿಯೂ ಇದೆ, ಅದು ಜಾರಿ ಒರಗಿದ್ದರೆ ಪ್ಯಾಡ್ ಆ ಕಡೆ ತಗ್ಗಿ ಕಾಣುತ್ತದೆ.

ಲ್ಯಾಂಬ್ಡಾದ ಪ್ಲಾಸ್ಟಿಕ್ ಕಮಾನನ್ನು ಬಗ್ಗಿಸಿ ಬಿಗಿ ಮಾಡುವ ಸಾಹಸಕ್ಕೆ ಹೋಗಬೇಡಿ. ಹಳತಾದಂತೆ ಅದು ಪೆಡಸಾಗಿ ಮುರಿಯುತ್ತದೆ. ಕನ್ನಡಕದವರು ತೆಳು ಕಡ್ಡಿಯ ಇನ್ನೊಂದು ಜೊತೆಯನ್ನು ಹಾಡು ಕೇಳುವುದಕ್ಕೆಂದೇ ಇಟ್ಟುಕೊಂಡರೆ ಒಳ್ಳೆಯದು.

ಚೆನ್ನಾಗಿ ಕೂತ ಪ್ಯಾಡಿಗೆ ಒಂದು ಲಕ್ಷಣ ಇದೆ, ಹೊಸಬರು ಅದಕ್ಕೆ ಹೆದರುತ್ತಾರೆ. ಕಪ್ಪನ್ನು ತಲೆಗೆ ಒತ್ತಿದ ಕೂಡಲೆ ಒಳಗಿಂದ ಪರ್‌ ಎಂದು ತೆಳು ಹಾಳೆ ಮುದುಡಿದಂತಹ ಸದ್ದು ಬರುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಪೊರೆಯನ್ನು ಒಂದು ತಟ್ಟೆಯ ಕಡೆಗೆ ದೂಡಿದಾಗ ಆಗುವುದು ಅದು. ಹಳೆಯ ಪ್ಯಾಡ್ ಸೋರುತ್ತಿದ್ದಾಗ ಈ ಸದ್ದು ಇರುವುದಿಲ್ಲ, ಹೊಸದು ಹಾಕಿದ ದಿನವೇ ಕೇಳಿಸುತ್ತದೆ. ತಾನೇನೋ ಮುರಿದೆ ಎಂದು ಜನ ಗಾಬರಿಯಾಗುತ್ತಾರೆ. ಗಾಬರಿ ಬೇಡ. ಹಾಗೆಂದು ಬೇಕಂತಲೇ ಒತ್ತುತ್ತಲೂ ಇರಬೇಡಿ. ಹಾಕಿಕೊಳ್ಳುವಾಗ, ತೆಗೆಯುವಾಗ ಮೊದಲು ಒಂದು ಅಂಚನ್ನು ಸ್ವಲ್ಪ ಎತ್ತಿ ಗಾಳಿಗೆ ದಾರಿ ಬಿಟ್ಟರೆ ಪೊರೆಗೆ ಶ್ರಮವಾಗುವುದಿಲ್ಲ.

ಬದಲಿಸುವುದು

ಆತುರವಿಲ್ಲದಿದ್ದರೆ ಈ ಕೆಲಸವನ್ನು ಜನವರಿಯಿಂದ ಮಾರ್ಚ್ ಒಳಗೆ ಮಾಡಿ. ಗಾಳಿ ಒಣಗಿರುತ್ತದೆ, ಟೇಪ್ ಕಚ್ಚಿಕೊಳ್ಳುತ್ತದೆ, ಹೊಸ ಪ್ಯಾಡಿನ ಜೊತೆ ತೇವವನ್ನೂ ಒಳಗೆ ಮುಚ್ಚಿಡುವುದು ತಪ್ಪುತ್ತದೆ. ಕಾಫಿ ಕಣದಲ್ಲಿ ಹರಡಿರುವ ದಿನಗಳಾದ್ದರಿಂದ ಅಂಗಳದ ಕಡೆಯ ಕಿಟಕಿ ಮುಚ್ಚಿಕೊಳ್ಳಿ, ಸಿಪ್ಪೆಯ ಧೂಳು ಒಳಗೆ ಬರುತ್ತದೆ. ಫ್ಯಾನ್ ಬೇಡ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಏನು ಉದುರಿತೆಂದು ಕಾಣಬೇಕು.

ಮೊದಲು ಆಂಪ್ಲಿಫಯರ್ ಆಫ್ ಮಾಡಿ, ಹೆಡ್‌ಫೋನಿನ ಪ್ಲಗ್ಗನ್ನು ಹಿಡಿದು ಕಿತ್ತು, ಅರ್ಧ ಗಂಟೆ ಹಾಗೇ ಬಿಡಿ. ಬಯಾಸಿನ 580 ವೋಲ್ಟಿನ ಹಿಂದೆ ಹರಿಯುವ ಕರೆಂಟು ತೀರಾ ಅಲ್ಪ. ಆದರೆ ಸಿಗ್ನಲ್ ಹೋಗುವ ತಟ್ಟೆಗಳಲ್ಲೂ ನೂರಾರು ವೋಲ್ಟ್ ಇರುತ್ತದೆ, ಅದರ ಹಿಂದೆ ನಿಜವಾದ ಬಲ ಇರುವ ಆಂಪ್ಲಿಫಯರ್ ಇದೆ. ಪ್ಲಗ್ ಹಾಕಿದ ಹೆಡ್‌ಫೋನಿನ ಪ್ಯಾಡ್ ಕೀಳಲು ಹೋಗಬೇಡಿ. ಚಾರ್ಜ್ ಇರುವ ಪೊರೆ ಧೂಳನ್ನು ತನ್ನ ಕಡೆ ಸೆಳೆಯುತ್ತದೆ ಎಂಬುದು ಕಾಯಲು ಇನ್ನೊಂದು ಕಾರಣ.

ಲ್ಯಾಂಬ್ಡಾ ಸಾಲಿನ ಪ್ಯಾಡ್ ಎರಡು ಮುಖದ ಟೇಪಿನಿಂದ ಅಂಟಿರುತ್ತದೆ. ಎಡ ಬಲ ಪ್ಯಾಡುಗಳು ಬೇರೆ, ಹಿಂದು ಮುಂದೂ ಬೇರೆ. ಕೀಳುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಕಪ್ಪನ್ನು ಕಿವಿಯ ಮುಖ ಕೆಳಗಾಗುವಂತೆ ಹಿಡಿಯುವುದು ಇಡೀ ಕೆಲಸದ ಗುಟ್ಟು. ಪುಡಿಯಾದ ಫೋಮ್ ಕೆಳಗಿನ ಬಟ್ಟೆಗೆ ಬೀಳಬೇಕೇ ಹೊರತು ಡ್ರೈವರಿನ ಕಡೆಗಲ್ಲ. ಹಿಂದಿನ ಕೆಳಮೂಲೆಯಲ್ಲಿ ಉಗುರು ತೂರಿಸಿ, ಪ್ಯಾಡನ್ನು ಎಳೆಯದೆ ಹೊರಳಿಸುತ್ತಾ ಬಿಡಿಸಿ. ಟೇಪ್ ಹಟ ಮಾಡಿದರೆ ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಅಡಿಯಲ್ಲಿ ಗರಗಸದ ಹಾಗೆ ಆಡಿಸಿದರೆ ಕಡಿಯುತ್ತದೆ. ಚಾಕು, ಸ್ಕ್ರೂಡ್ರೈವರ್, ಹೇರ್ ಡ್ರೈಯರ್ ಹತ್ತಿರಕ್ಕೂ ಬೇಡ.

ಪ್ಯಾಡ್ ಬಂದ ಮೇಲೆ ಡ್ರೈವರಿನ ಮುಂದೆ ತೆಳುವಾದ ಬಟ್ಟೆಯೋ ಫೋಮೋ ಕಾಣುತ್ತದೆ, ಅದರ ಹಿಂದೆ ಧೂಳು ತಡೆಯುವ ಪೊರೆ. ಮುಟ್ಟಬೇಡಿ. ಊದಬೇಡಿ, ವ್ಯಾಕ್ಯೂಮ್ ಕ್ಲೀನರ್ ಹಿಡಿಯಬೇಡಿ, ಕಂಪ್ಯೂಟರಿಗೆ ಹೊಡೆಯುವ ಗಾಳಿಯ ಡಬ್ಬಿಯನ್ನಂತೂ ತರಲೇಬೇಡಿ. ಒಂದು ಮೈಕ್ರಾನಿನ ಪೊರೆ ಹಿಗ್ಗಿತೆಂದರೆ ಮತ್ತೆ ಬಿಗಿಯಾಗುವುದಿಲ್ಲ. ಹಳೆಯ ಲ್ಯಾಂಬ್ಡಾಗಳಲ್ಲಿ ಆ ತೆಳು ಫೋಮೂ ಪುಡಿಯಾಗಿರುತ್ತದೆ. ಕಪ್ಪನ್ನು ಕವುಚಿಯೇ ಹಿಡಿದು ಚಿಮಟದಲ್ಲಿ ಒಂದೊಂದೇ ಚೂರು ತೆಗೆಯಬೇಕು. ಹಾಗೆ ತೆಗೆದ ಮೇಲೆ ಹೊಸ ಫೋಮ್ ಹಾಕದೆ ಕೇಳಬಾರದು, ಅದು ಸ್ವರದ ತೀಕ್ಷ್ಣತೆಯನ್ನೂ ತಗ್ಗಿಸುತ್ತಿರುತ್ತದೆ.

ಚೌಕಟ್ಟಿಗೆ ಉಳಿದ ಅಂಟನ್ನು ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಮೊಬೈಲ್ ರಿಪೇರಿ ಅಂಗಡಿಯವರು ದಿನಾ ಬಳಸುವುದು ಅದನ್ನೇ, ಕೇಳಿದರೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಹತ್ತಿ ಕಡ್ಡಿಯನ್ನು ಅದ್ದಿ, ಹಿಂಡಿ, ಡ್ರೈವರಿನ ಕಡೆಯಿಂದ ಹೊರಗಡೆಗೆ ಒರೆಸಿ. ಹನಿ ಜಾರುವಷ್ಟು ಒದ್ದೆ ಇರಬಾರದು. ಥಿನ್ನರ್, ಪೆಟ್ರೋಲ್ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಸ್ಯಾನಿಟೈಸರಿನಲ್ಲಿರುವ ಗ್ಲಿಸರಿನ್ ಜಿಡ್ಡು ಬಿಡುತ್ತದೆ, ಅದರ ಮೇಲೆ ಟೇಪ್ ನಿಲ್ಲುವುದಿಲ್ಲ. ಒರೆಸಿದ್ದು ಪೂರ್ತಿ ಆರಲಿ.

ಹೊಸ ಪ್ಯಾಡನ್ನು ಟೇಪಿನ ಹಾಳೆ ತೆಗೆಯದೆಯೇ ಒಮ್ಮೆ ಇಟ್ಟು ನೋಡಿ: ದಪ್ಪ ಬದಿ ಹಿಂದಕ್ಕಿದೆಯೇ, ನಾಲ್ಕೂ ಮೂಲೆ ಚೌಕಟ್ಟಿನ ಮೇಲೆ ಬರುತ್ತವೆಯೇ. ಆಮೇಲೆ ಮೇಲಂಚಿನ ಹಾಳೆ ಮಾತ್ರ ಬಿಚ್ಚಿ ಆ ಅಂಚನ್ನು ಕೂರಿಸಿ, ಉಳಿದದ್ದನ್ನು ಬಿಚ್ಚುತ್ತಾ ಕೆಳಗಿನವರೆಗೆ ಬನ್ನಿ. ಒತ್ತುವುದು ಬೆರಳ ತುದಿಯಿಂದ, ಚೌಕಟ್ಟಿನ ಗುಂಟ ಮಾತ್ರ. ಅಂಗೈ ಅಗಲಿಸಿ ಪ್ಯಾಡನ್ನು ಮುಚ್ಚಿ ಒತ್ತಿದರೆ ಒಳಗಿನ ಗಾಳಿಯೆಲ್ಲ ಒಮ್ಮೆಲೇ ಪೊರೆಗೆ ಹೊಡೆಯುತ್ತದೆ. ಟೇಪ್ ಕಚ್ಚಲು ಒಂದು ದಿನ ಬಿಟ್ಟು ಆಮೇಲೆ ಪ್ಲಗ್ ಹಾಕಿ, ಮತ್ತೆ ಅದೇ 100ರಿಂದ 30 ಹರ್ಟ್ಸ್ ಪರೀಕ್ಷೆ ಮಾಡಿ. ಹೊಸ ಪ್ಯಾಡ್ ಎತ್ತರವಾಗಿರುತ್ತದೆ, ಕಿವಿ ದೂರವಿರುತ್ತದೆ, ಹಾಡು ಬೇರೆಯೇ ಅನ್ನಿಸುತ್ತದೆ. ಕೆಲವು ವಾರ ಬಳಸಿ ಅದು ತಲೆಯ ಆಕಾರಕ್ಕೆ ಇಳಿಯುವವರೆಗೆ ತೀರ್ಪು ಕೊಡಬೇಡಿ.

ಬೇರೆ ತಯಾರಕರ ಪ್ಯಾಡುಗಳು ಅರ್ಧ ಬೆಲೆಗೆ ಸಿಗುತ್ತವಲ್ಲ ಎಂದು ಕೇಳುವವರಿದ್ದಾರೆ. ಆಕಾರ ಹೊಂದಿದ ಮಾತ್ರಕ್ಕೆ ಸ್ವರ ಹೊಂದುವುದಿಲ್ಲ. ಒಂದೆರಡು ಮಿಲಿಮೀಟರ್ ಎತ್ತರ, ಒಳಗೋಡೆಯ ಚರ್ಮದಲ್ಲಿ ತೂತು ಇದೆಯೋ ಇಲ್ಲವೋ, ಫೋಮ್ ಎಷ್ಟು ಗಟ್ಟಿ ಎನ್ನುವುದರ ಮೇಲೆ ಮಧ್ಯಮ ಸ್ವರವೇ ಬದಲಾಗುತ್ತದೆ. ತೂತು ಕೊರೆದ ಚರ್ಮ, ವೆಲ್ವೆಟ್ ಬಟ್ಟೆ ಕಿವಿಗೆ ತಂಪು, ಆದರೆ ಗಾಳಿ ಬಿಡುತ್ತವೆ, ಬೇಸನ್ನೂ ಬಿಡುತ್ತವೆ. ಮೂಲ ಕಂಪನಿಯ ಪ್ಯಾಡ್ ಸಿಗುವಷ್ಟು ಕಾಲ ಅದನ್ನೇ ತರಿಸಿ. ಕೊಡಗಿನಲ್ಲಿದ್ದೀರಾದರೆ, ಆಯ್ಕೆ ಇದ್ದಲ್ಲಿ, ಕೃತಕದ ಬದಲು ನಿಜ ಚರ್ಮಕ್ಕೇ ದುಡ್ಡು ಹಾಕಿ. ಬೂಷ್ಟನ್ನು ಒರೆಸಬಹುದು, ಕಳಚಿದ ಪಾಲಿಯುರೆಥೇನನ್ನು ಅಂಟಿಸಲಾಗದು.

ಬೂಷ್ಟು ಬಂದರೆ ಮೆತ್ತನೆಯ ಬಟ್ಟೆಯನ್ನು ಸ್ವಲ್ಪವೇ ಒದ್ದೆ ಮಾಡಿ ಒರೆಸಿ, ನೆರಳಿನಲ್ಲಿ ಒಣಗಿಸಿ. ಚರ್ಮಕ್ಕೆಂದು ಎಣ್ಣೆ, ಶೂ ಪಾಲಿಷ್ ಹಚ್ಚಬೇಡಿ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆಯ ಹತ್ತಿರ ಹೆಡ್‌ಫೋನ್ ಇಡುವುದು ಬೇಡವೇ ಬೇಡ. ಬಿಸಿಗಿಂತ ಹೊಗೆಯ ಮಸಿ, ಬೂದಿಯ ಕಣ ಅಪಾಯ. ಗಾಳಿಯಾಡದ ಮುಚ್ಚಳದ ದೊಡ್ಡ ಡಬ್ಬಿ, ಒಳಗೆ ಎರಡು ಹಿಡಿ ಸಿಲಿಕಾ ಜೆಲ್, ಗಾಳಿಯ ತೇವ ಅಳೆಯುವ ಅಗ್ಗದ ಒಂದು ಹೈಗ್ರೊಮೀಟರ್ ಇಷ್ಟಿದ್ದರೆ ಸಾಕು. ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಂತಿರಲಿ. ಕ್ಯಾಮೆರಾ ಲೆನ್ಸ್ ಇಟ್ಟುಕೊಂಡವರು ಮಾಡುವುದೂ ಇದನ್ನೇ. ಜೆಲ್ಲಿನ ಬಣ್ಣ ತಿರುಗಿದ ಮೇಲೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಚಾರ್ಜ್ ಸೋರಿ ಸದ್ದು ಕುಗ್ಗಿದ ಹೆಡ್‌ಫೋನಿಗೂ ಇದೇ ಡಬ್ಬಿ ಮೊದಲ ಔಷಧ. ಎರಡು ಮೂರು ದಿನ ಒಳಗಿಟ್ಟು ಮತ್ತೆ ಹಾಕಿ ನೋಡಿ, ಆಗಲೂ ಏಳದಿದ್ದರೆ ಬಲ್ಲವರಿಗೆ ಕಳಿಸಿ.

ಪ್ಯಾಡ್ ಸಿಕ್ಕಿದಾಗಲೇ ನಾಲ್ಕು ಜೊತೆ ತರಿಸಿಡೋಣ ಎಂಬ ಆಸೆ ಸಹಜ, ಜಪಾನಿನಿಂದ ಬರುವ ವಸ್ತು ತಾನೆ. ಕೃತಕ ಚರ್ಮದ್ದಾದರೆ ಒಂದು ಜೊತೆಗಿಂತ ಹೆಚ್ಚು ಬೇಡ. ಕಪಾಟಿನಲ್ಲೇ ಅದರ ಆಯಸ್ಸು ಕರಗುತ್ತಿರುತ್ತದೆ, ಅಡಿಯ ಟೇಪೂ ಒಣಗುತ್ತಿರುತ್ತದೆ. ತರಿಸಿದ್ದನ್ನು ಅದೇ ಸಿಲಿಕಾ ಜೆಲ್ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಮೇಲೆ ತಿಂಗಳು, ವರ್ಷ ಬರೆದಿಡಿ.